ಕೈತೋಟದ ಕೊಳಕ್ಕೆ ಎಂಥ ನೀರು?



ಮನೆಯ ಅಂಗಳದಲ್ಲಿ ಪುಟ್ಟ ಕೊಳವೊಂದನ್ನು ಕಟ್ಟಿಸಿ, ಅದರಲ್ಲಿ ತಾವರೆಯನ್ನೋ ನೈದಿಲೆಯನ್ನೋ ಬೆಳೆಸಿ, ಬಣ್ಣದ ಮೀನುಗಳನ್ನು ಬಿಡಬೇಕೆಂಬ ಆಸೆ ನಮ್ಮ ನಗರಗಳ ಅನೇಕ ಗೃಹಸ್ಥರಲ್ಲಿ ಕಾಣಬರುತ್ತದೆ. ಇದು ಒಳ್ಳೆಯ ಆಸೆಯೇ. ಸಂಜೆಯ ಹೊತ್ತು ನೀರಿನ ಬಳಿ ಕುಳಿತರೆ ಮನಸ್ಸಿಗೆ ದೊರೆಯುವ ನೆಮ್ಮದಿ ಸಾಮಾನ್ಯವಾದುದಲ್ಲ. ಆದರೆ ಕೊಳದ ಆಕಾರವೇನು, ಅಂಚಿಗೆ ಯಾವ ಕಲ್ಲು, ಮೀನು ಯಾವ ಜಾತಿಯದು ಎಂಬ ವಿಷಯಗಳಲ್ಲಿ ತೋರುವ ಆಸಕ್ತಿಯನ್ನು ನೀರಿನ ವಿಷಯದಲ್ಲಿ ತೋರುವವರು ವಿರಳ. ಮೇಸ್ತ್ರಿ ಕೆಲಸ ಮುಗಿಸಿ ಹೋದ ದಿನವೇ ಹತ್ತಿರದ ನಲ್ಲಿಗೆ ರಬ್ಬರ್ ಪೈಪನ್ನು ಸಿಕ್ಕಿಸಿ ಕೊಳವನ್ನು ತುಂಬಿಬಿಡುತ್ತಾರೆ. ಮರುದಿನ ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ, ಮೀನು ಮಾರಿದವನನ್ನು ದೂರುತ್ತಾರೆ. ತಪ್ಪು ಪ್ರಾಯಶಃ ಅವನದಲ್ಲ, ನೀರಿನದು.

ಕೊಳಕ್ಕೆ ತಕ್ಕ ಸುರಕ್ಷಿತವಾದ ನೀರು ಎಂದರೇನು? ಈ ಮಾತಿಗೆ ಮೂರು ಅರ್ಥಗಳುಂಟು. ಮೊದಲನೆಯದಾಗಿ, ಆ ನೀರು ಕೊಳದಲ್ಲಿ ಬಾಳುವ ಮೀನು, ಕಪ್ಪೆ, ಗಿಡಗಳಿಗೆ ಹಿತವಾಗಿರಬೇಕು. ಎರಡನೆಯದಾಗಿ, ಅದರಿಂದ ಮನೆಯವರಿಗೆ ರೋಗಭಯ ಉಂಟಾಗಕೂಡದು. ಮೂರನೆಯದಾಗಿ, ಅದನ್ನು ತೆಗೆದುಕೊಂಡುದರಿಂದ ಊರಿನ ಇತರರ ಕೊಡ ಬರಿದಾಗಕೂಡದು. ಮೂರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಆಯ್ಕೆ ಸರಿಯಾಗುತ್ತದೆ.

ಮನುಷ್ಯನು ಕುಡಿಯಲು ತಕ್ಕ ನೀರೆಲ್ಲ ಮೀನಿಗೂ ತಕ್ಕದ್ದೆಂದು ಭಾವಿಸುವುದು ಸಹಜ. ಆದರೆ ಅದು ಸರಿಯಲ್ಲ. ನಾವು ನೀರನ್ನು ಕುಡಿಯುತ್ತೇವೆ, ಮೀನು ಅದನ್ನೇ ಉಸಿರಾಡುತ್ತದೆ. ನಮ್ಮ ಹೊಟ್ಟೆಗೆ ಹೋದ ಒಂದು ಲೋಟ ನೀರಿನಲ್ಲಿ ಅಣುಮಾತ್ರವಿದ್ದು ಏನೂ ಮಾಡದ ವಸ್ತು, ಮೀನಿನ ತೆಳುವಾದ ಕಿವಿರುಗಳ ಮೇಲೆ ಹಗಲೂ ರಾತ್ರಿಯೂ ಹಾಯುತ್ತಿದ್ದರೆ ಅದನ್ನು ಕೊಲ್ಲಬಲ್ಲುದು. ಇದಕ್ಕೆ ನಲ್ಲಿಯ ನೀರೇ ಮೊದಲ ಉದಾಹರಣೆ.

ನಗರದ ನಲ್ಲಿಯ ನೀರಿಗೆ ರೋಗಾಣುಗಳನ್ನು ಕೊಲ್ಲುವುದಕ್ಕಾಗಿ ಕ್ಲೋರಿನ್ ಬೆರೆಸುತ್ತಾರೆ. ಭಾರತೀಯ ಮಾನಕದ ಪ್ರಕಾರ ಹೀಗೆ ಶುದ್ಧಿಮಾಡಿದ ನೀರು ಮನೆಯನ್ನು ತಲುಪುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಅದರಲ್ಲಿ ಉಳಿದಿರಬೇಕು. ಇದು ನಮ್ಮ ರಕ್ಷಣೆಗಾಗಿ ಮಾಡಿದ ಏರ್ಪಾಡು. ಆದರೆ ಅಷ್ಟು ಕ್ಲೋರಿನ್ ಮೀನಿನ ಕಿವಿರನ್ನು ಸುಡಲು ಸಾಕು. ಇದರ ಪರಿಹಾರವೇನೋ ಸುಲಭವೇ. ನೀರನ್ನು ತೆರೆದ ತೊಟ್ಟಿಯಲ್ಲಿ ಬಿಸಿಲಿಗೆ ಒಂದೆರಡು ದಿನ ಬಿಟ್ಟರೆ ಕ್ಲೋರಿನ್ ತಾನಾಗಿ ಹೋಗುತ್ತದೆ. ಅವಸರವಿದ್ದರೆ, ಹಳೆಯ ಛಾಯಾಚಿತ್ರಗಾರರು ಹೈಪೋ ಎಂದು ಕರೆಯುತ್ತಿದ್ದ ಸೋಡಿಯಂ ಥಯೋಸಲ್ಫೇಟಿನ ಹರಳುಗಳು ಅದನ್ನು ಕೂಡಲೆ ನಿಷ್ಫಲಗೊಳಿಸುತ್ತವೆ. ಒಂದು ಪಾಲು ಕ್ಲೋರಿನ್ನಿಗೆ ಸುಮಾರು ಏಳು ಪಾಲು ಹರಳು ಬೇಕು. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇರುವ ಸಾವಿರ ಲೀಟರ್ ನೀರಿಗೆ ಮೂರೂವರೆ ಗ್ರಾಂ ಆಯಿತು. ನೀರಿನಲ್ಲಿ ಅಮೋನಿಯ ಬೆರೆತಿದ್ದರೆ ಮಾತ್ರ ಕ್ಲೋರಿನ್ ಅದರೊಡನೆ ಕೂಡಿ, ಬಿಸಿಲಿಗೆ ಬೇಗ ಬಿಟ್ಟುಹೋಗದ ಬೇರೊಂದು ಸಂಯುಕ್ತವಾಗುತ್ತದೆ. ಆಗ ಕೇವಲ ಕಾಯುವುದರಿಂದ ಪ್ರಯೋಜನ ಸಾಲದು. ಸಂಪಿಗೆ ಅಥವಾ ಮೇಲಿನ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿದ ದಿನಗಳಲ್ಲಂತೂ ಅಲ್ಲಿಯ ನೀರನ್ನು ಕೊಳದ ಹತ್ತಿರಕ್ಕೆ ತರಬಾರದು.

ಇನ್ನು ನೆಲದೊಳಗಿನ ನೀರು. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ; ನೋಡಲು ಸ್ಫಟಿಕದಂತೆ ತಿಳಿಯಾಗಿಯೂ ಇರುತ್ತದೆ. ಆದಕಾರಣ ಅನೇಕರು ಅದನ್ನು ನಿಶ್ಶಂಕೆಯಿಂದ ಬಳಸುತ್ತಾರೆ. ಆದರೆ ನೂರಾರು ಅಡಿ ಆಳದ ಬಂಡೆಯ ಬಿರುಕುಗಳಲ್ಲಿ ಗಾಳಿಯ ಸಂಪರ್ಕವಿಲ್ಲದೆ ನಿಂತಿದ್ದ ಈ ನೀರಿನಲ್ಲಿ ಮೀನಿಗೆ ಬೇಕಾದ ಆಮ್ಲಜನಕ ಬಹಳ ಕಡಮೆ. ಬೇಡವಾದ ಅಂಗಾರಾಮ್ಲ ವಾಯು ಹೆಚ್ಚು. ಕೆಲವೆಡೆ ಕಬ್ಬಿಣವೂ ಕರಗಿರುತ್ತದೆ. ಅಂಥ ನೀರು ಮೇಲೆ ಬಂದಾಗ ತಿಳಿಯಾಗಿದ್ದು, ಗಾಳಿ ತಗುಲಿದ ಮೇಲೆ ಕೆಂಪಾಗಿ ಗಸಿ ಬಿಡುತ್ತದೆ. ಆದುದರಿಂದ ಕೊಳವೆಬಾವಿಯ ನೀರನ್ನು ನೇರವಾಗಿ ಕೊಳದ ತಳಕ್ಕೆ ಹಾಯಿಸದೆ, ಕಲ್ಲಿನ ಮೆಟ್ಟಿಲುಗಳ ಮೇಲೆ ತೆಳುವಾಗಿ ಹರಿದು ಬೀಳುವಂತೆ ಮಾಡಬೇಕು. ಆಗ ಬೇಡವಾದ ವಾಯು ಹೊರಟುಹೋಗಿ ಆಮ್ಲಜನಕ ಒಳಸೇರುತ್ತದೆ. ನೀರಿನ ಗಡಸುತನಕ್ಕೆ ಅಷ್ಟಾಗಿ ಹೆದರಬೇಕಾದುದಿಲ್ಲ. ಸಾಬೂನಿಗೆ ನೊರೆ ಬಾರದಂತೆ ಮಾಡುವ ಸುಣ್ಣದ ಅಂಶ ಮಿತವಾಗಿದ್ದರೆ ಮೀನಿಗೆ ಅನುಕೂಲವೇ.

ಹೆದರಬೇಕಾದುದು ನೈಟ್ರೇಟಿಗೆ. ಸೋರುವ ಒಳಚರಂಡಿ, ಇಂಗುಗುಂಡಿ, ತಿಪ್ಪೆಗಳಿಂದ ಇದು ನೆಲದೊಳಗೆ ಇಳಿಯುತ್ತದೆ. ಹಳೆಯ ಬಡಾವಣೆಗಳ ತೆರೆದ ಬಾವಿಗಳಿಗೂ ಆಳದ ಕೊಳವೆಬಾವಿಗಳಿಗೂ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಕೂಡದೆಂಬುದು ಮಾನಕದ ಮಿತಿ. ಕೊಳದಲ್ಲಿ ಅದು ಪಾಚಿಗೆ ಗೊಬ್ಬರವಾಗಿ, ನೀರನ್ನು ಹಸುರು ಗಂಜಿಯಂತೆ ಮಾಡುತ್ತದೆ. ಅಂಥ ನೀರು ಹಗಲೆಲ್ಲ ಚೆನ್ನಾಗಿಯೇ ಇರುತ್ತದೆ; ರಾತ್ರಿ ಪಾಚಿಯೇ ಆಮ್ಲಜನಕವನ್ನು ಉಸಿರಾಡಿ ಮುಗಿಸುವುದರಿಂದ, ಬೆಳಗಿನ ಜಾವಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ.

ಇಲ್ಲಿ ಬಹು ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಕೊಳಕ್ಕೆ ನೀರನ್ನು ಆರಿಸುವುದು ಒಂದು ದಿನದ ಕೆಲಸವಲ್ಲ. ಮೊದಲ ಸಲ ತುಂಬುವ ನೀರಿಗಿಂತ ದಿನದಿನವೂ ಆರಿಹೋದ ಪಾಲಿಗೆ ಬದಲಾಗಿ ಸೇರಿಸುವ ನೀರೇ ಕೊಳದ ಹಣೆಬರಹವನ್ನು ನಿರ್ಧರಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಅರುವತ್ತು ಸೆಂಟಿಮೀಟರ್ ಆಳದ ಕೊಳದಲ್ಲಿ 3,600 ಲೀಟರ್ ನೀರು ಹಿಡಿಯುತ್ತದೆ. ಒಣ ಹವೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಆವಿಯಾಗುವುದೆಂದು ಇಟ್ಟುಕೊಂಡರೆ, ದಿನವೊಂದಕ್ಕೆ 30 ಲೀಟರ್ ಹೋಯಿತು. ನೂರ ಇಪ್ಪತ್ತು ದಿನಗಳ ಒಣಗಾಲದಲ್ಲಿ ಆರಿಹೋದುದು 3,600 ಲೀಟರ್, ಎಂದರೆ ಒಂದು ಇಡೀ ಕೊಳ!

ಆವಿಯಾಗಿ ಹೋಗುವುದು ಶುದ್ಧ ನೀರು ಮಾತ್ರ. ಅದರಲ್ಲಿ ಕರಗಿದ್ದ ಲವಣಗಳೆಲ್ಲ ಕೊಳದಲ್ಲಿಯೇ ಉಳಿಯುತ್ತವೆ. ಲೀಟರಿಗೆ 800 ಮಿಲಿಗ್ರಾಂ ಲವಣವಿರುವ ಕೊಳವೆಬಾವಿಯ ನೀರನ್ನು ತುಂಬಿದ ದಿನ ಕೊಳದಲ್ಲಿದ್ದುದು ಸುಮಾರು 2.9 ಕಿಲೋಗ್ರಾಂ ಲವಣ. ಅದೇ ನೀರಿನಿಂದಲೇ ದಿನವೂ ಭರ್ತಿಮಾಡುತ್ತ ಬಂದರೆ, ಮಳೆ ಕಾಣುವ ಹೊತ್ತಿಗೆ ಅಷ್ಟೇ ಲವಣ ಮತ್ತೊಮ್ಮೆ ಸೇರಿರುತ್ತದೆ. ನೀರಿನ ಮಟ್ಟ ಒಂದಂಗುಲವೂ ಬದಲಾಗಿಲ್ಲ. ಆದರೆ ನೀರು ಮಾತ್ರ ಇಮ್ಮಡಿ ಉಪ್ಪಾಗಿದೆ. ಸುಣ್ಣದ ಒಂದಿಷ್ಟು ಭಾಗ ಕಲ್ಲಿನ ಅಂಚಿನಲ್ಲಿ ಬಿಳಿಯ ಕರೆಯಾಗಿ ಕೂರುತ್ತದೆ. ಉಳಿದುದನ್ನು ತಾವರೆಯ ಬೇರೂ ಮೀನಿನ ಮೈಯೂ ಸಹಿಸಬೇಕು. ಇದೇ ಕಾರಣದಿಂದ, ನೀರನ್ನು ಶೋಧಿಸುವ ಆರ್.ಓ. ಯಂತ್ರವು ಹೊರಚೆಲ್ಲುವ ನೀರನ್ನು ಉಳಿತಾಯದ ಹೆಸರಿನಲ್ಲಿ ಕೊಳಕ್ಕೆ ಬಿಡುವುದು ತರವಲ್ಲ. ನಾವು ಬೇಡವೆಂದು ತೆಗೆಸಿದ ಲವಣವೆಲ್ಲ ಆ ನೀರಿನಲ್ಲಿಯೇ ಇದೆಯಷ್ಟೆ.

ಹೀಗಿರುವಾಗ, ದಿನದಿನದ ಭರ್ತಿಗೆ ಲವಣವಿಲ್ಲದ ನೀರು ದೊರೆತರೆ ಎಷ್ಟು ಚೆನ್ನ! ಅದು ನಮ್ಮ ಮನೆಯ ಮಾಡಿನ ಮೇಲೆಯೇ ಬೀಳುತ್ತಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ನೂರು ಚದರ ಮೀಟರಿನ ತಾರಸಿಯ ಮೇಲೆ 25 ಮಿಲಿಮೀಟರಿನ ಒಂದು ಹದವಾದ ಮಳೆ ಬಿದ್ದರೆ 2,500 ಲೀಟರ್ ಆಯಿತು. ಚೆಲ್ಲಿಹೋದುದನ್ನೂ ಆರಿದುದನ್ನೂ ಕಳೆದರೂ 2,000 ಲೀಟರ್ ಕೈಗೆ ಸಿಗುತ್ತದೆ. ಅಂಥ ಎರಡು ಮಳೆಗಳ ನೀರನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ, ನಾವು ಈಗ ಲೆಕ್ಕ ಮಾಡಿದ ಕೊಳಕ್ಕೆ ನಾಲ್ಕು ತಿಂಗಳ ಭರ್ತಿಗೆ ಸಾಕು. ದೊಡ್ಡ ನಿವೇಶನಗಳಲ್ಲಿ ಮಳೆನೀರನ್ನು ಹಿಡಿಯುವುದು ಕಡ್ಡಾಯವೆಂದು ಬೆಂಗಳೂರಿನಲ್ಲಿ 2009ರಲ್ಲಿ ಕಾನೂನೇ ಆಯಿತು. ಹೇಗೂ ಮಾಡಲೇಬೇಕಾದ ಏರ್ಪಾಡಿನಿಂದ ಕೊಳಕ್ಕೂ ಒಂದು ಪಾಲನ್ನು ತೆಗೆದಿಡಬಹುದು.

ಮಳೆನೀರಿಗೂ ದೋಷಗಳಿಲ್ಲದಿಲ್ಲ. ಬೇಸಗೆಯ ಧೂಳು, ಹಕ್ಕಿಗಳ ಹಿಕ್ಕೆ, ಎಲೆಕಸಗಳು ಮೊದಲ ಮಳೆಯೊಡನೆ ಕೊಚ್ಚಿಕೊಂಡು ಬರುತ್ತವೆ. ಆದುದರಿಂದ ಮೊದಲ ಒಂದೆರಡು ಮಿಲಿಮೀಟರ್ ಮಳೆಯನ್ನು, ಎಂದರೆ ನೂರು ಚದರ ಮೀಟರಿನ ತಾರಸಿಯಿಂದ ಬರುವ ಮೊದಲ ನೂರು ಇನ್ನೂರು ಲೀಟರುಗಳನ್ನು, ಗಿಡಗಳಿಗೆ ಬಿಟ್ಟುಬಿಡಬೇಕು. ಇನ್ನೊಂದು ದೋಷ ಸೂಕ್ಷ್ಮವಾದುದು. ಮಳೆನೀರು ಅತಿ ಮೃದು. ಗಾಳಿಯ ಅಂಗಾರಾಮ್ಲ ವಾಯು ಕರಗಿರುವುದರಿಂದ ತುಸು ಆಮ್ಲಗುಣವೂ ಉಂಟು. ಕೇವಲ ಮಳೆನೀರನ್ನೇ ತುಂಬಿದ ಕೊಳದಲ್ಲಿ, ಆಮ್ಲ ಕ್ಷಾರಗಳ ಏರಿಳಿತವನ್ನು ತಡೆದು ನಿಲ್ಲಿಸುವ ಸುಣ್ಣದ ಅಂಶವಿಲ್ಲದೆ, ನೀರಿನ ಗುಣ ಹಗಲಿಗೊಂದು ರಾತ್ರಿಗೊಂದು ಆಗುತ್ತದೆ. ಸತುವಿನ ಲೇಪವುಳ್ಳ ತಗಡು ಮತ್ತು ತಾಮ್ರದ ಕೊಳವೆಗಳಿಂದ ಕರಗುವ ಲೋಹವೂ ಮೃದುವಾದ ನೀರಿನಲ್ಲಿಯೇ ಮೀನಿಗೆ ಹೆಚ್ಚು ವಿಷಕರ. ಪರಿಹಾರ ಸರಳ: ಒಂದು ಹಿಡಿ ಸುಣ್ಣಕಲ್ಲಿನ ಚೂರನ್ನೋ ಕಪ್ಪೆಚಿಪ್ಪುಗಳನ್ನೋ ಬಟ್ಟೆಯಲ್ಲಿ ಕಟ್ಟಿ ನೀರು ಹರಿಯುವ ಸ್ಥಳದಲ್ಲಿ ಇಟ್ಟರಾಯಿತು. ಇನ್ನೂ ಸುಲಭವಾದ ಉಪಾಯವೆಂದರೆ, ಮೊದಲ ಭರ್ತಿಯನ್ನು ಒಳ್ಳೆಯ ಬಾವಿಯ ನೀರಿನಿಂದ ಮಾಡಿ, ತರುವಾಯದ ಭರ್ತಿಯನ್ನು ಮಳೆನೀರಿನಿಂದ ನಡೆಸುವುದು. ಬಾವಿ ಸುಣ್ಣವನ್ನು ಕೊಡುತ್ತದೆ. ಮಳೆ ಅದು ಅತಿಯಾಗದಂತೆ ಕಾಯುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕೆರೆಯ ನೀರನ್ನು ತಂದು ತುಂಬಿದರೆ ಸಹಜವಾಗಿರುವುದಲ್ಲವೆ ಎಂದು ಕೆಲವರು ಕೇಳಬಹುದು. ಒಂದು ಕಾಲಕ್ಕೆ ಆ ಮಾತು ನಿಜವಾಗಿದ್ದಿರಬಹುದು. ನಗರದ ಹಲವು ಕೆರೆಗಳಿಗೆ ಕೊಳಚೆ ಹರಿದು ಬಂದು ಕಾಲವಾಯಿತು. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡುದು ಲೋಕಕ್ಕೆಲ್ಲ ತಿಳಿದ ಸಂಗತಿ. ಶುದ್ಧವಾಗಿ ಕಾಣುವ ಕೆರೆಯಿಂದ ತಂದರೂ, ಒಂದು ಬಿಂದಿಗೆ ನೀರಿನೊಡನೆ ಮೀನಿನ ರೋಗಗಳೂ ಬಸವನಹುಳುಗಳೂ ತೇಲುವ ಕಳೆಯ ಬೀಜಗಳೂ ಬರುತ್ತವೆ. ಟ್ಯಾಂಕರಿನಲ್ಲಿ ಕೊಂಡ ನೀರಾದರೆ, ಅದು ಎಲ್ಲಿಯದೆಂದು ಕೇಳಿ ತಿಳಿಯದೆ ಕೊಳಕ್ಕೆ ಬಿಡಬಾರದು. ವಸತಿ ಸಮುಚ್ಚಯಗಳಲ್ಲಿ ಶುದ್ಧೀಕರಿಸಿದ ಬಳಕೆಯ ನೀರು ಗಿಡಮರಗಳಿಗೆ ತಕ್ಕದ್ದು; ಆದರೆ ಅದರಲ್ಲಿ ಉಳಿದಿರುವ ಗೊಬ್ಬರದ ಅಂಶಗಳಿಂದ ಪಾಚಿ ಬೆಳೆಯುವುದರಿಂದಲೂ, ಮಕ್ಕಳು ಕೈಯಾಡಿಸುವ ಸ್ಥಳವಾದುದರಿಂದಲೂ ಮೀನಿನ ಕೊಳಕ್ಕೆ ಅದು ಸಲ್ಲದು.

ನೀರು ಒಳ್ಳೆಯದಾಗಿದ್ದರೂ ಅದನ್ನು ತುಂಬುವ ಪಾತ್ರೆ ಕೆಟ್ಟುದಾಗಿರಬಹುದು. ಹೊಸ ಸಿಮೆಂಟಿನ ಕೊಳದಿಂದ ಸುಣ್ಣ ಕರಗಿ ನೀರು ತೀಕ್ಷ್ಣ ಕ್ಷಾರವಾಗುತ್ತದೆ. ನೀರು ತುಂಬಿ, ಕೆಲವು ದಿನ ಬಿಟ್ಟು, ಬರಿದುಮಾಡಿ, ಮತ್ತೆ ತುಂಬಿ, ಹೀಗೆ ಹಲವು ವಾರಗಳು ನಡೆಯಿಸಬೇಕು. ಅಂಗಡಿಗಳಲ್ಲಿ ದೊರೆಯುವ ಪರೀಕ್ಷೆಯ ಕಾಗದದ ಪಟ್ಟಿಯಲ್ಲಿ ಪಿ.ಎಚ್. ಅಂಕ ಆರೂವರೆಗೂ ಎಂಟೂವರೆಗೂ ನಡುವೆ ನಿಂತ ಮೇಲೆಯೇ ಮೀನನ್ನು ಬಿಡತಕ್ಕದ್ದು.

ಈಗ ಮನೆಯವರ ಕ್ಷೇಮದ ಮಾತು. ನಲ್ಲಿಗೆ ಸಿಕ್ಕಿಸಿದ ಪೈಪಿನ ತುದಿಯನ್ನು ಕೊಳದ ನೀರಿನಲ್ಲಿ ಮುಳುಗಿಸಿಟ್ಟು ಹೋಗುವುದು ಎಲ್ಲರ ಅಭ್ಯಾಸ. ಇದರಷ್ಟು ಅಪಾಯಕರವಾದುದು ಮತ್ತೊಂದಿಲ್ಲ. ನಮ್ಮ ಊರುಗಳಲ್ಲಿ ಹಲವೆಡೆ ನೀರು ದಿನವೆಲ್ಲ ಬರುವುದಿಲ್ಲ. ಗೊತ್ತಾದ ಹೊತ್ತಿಗೆ ಬಂದು ನಿಂತುಬಿಡುತ್ತದೆ. ನಿಂತಾಗ ಕೊಳವೆಯೊಳಗೆ ಒತ್ತಡ ಕುಸಿದು, ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುವ ಶಕ್ತಿ ಹುಟ್ಟುತ್ತದೆ. ಆ ಸಮಯದಲ್ಲಿ ಪೈಪಿನ ತುದಿ ಕೊಳದೊಳಗೆ ಮುಳುಗಿದ್ದರೆ, ಪಾಚಿಯೂ ಮೀನಿನ ಮಲವೂ ಬೆರೆತ ನೀರು ಕುಡಿಯುವ ನೀರಿನ ಕೊಳವೆಗೆ ಹೋಗಬಲ್ಲುದು. ನಮ್ಮ ಅಡಿಗೆಮನೆಗೆ ಮಾತ್ರವಲ್ಲ, ನೆರೆಮನೆಗೂ ತಲುಪಬಲ್ಲುದು. ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ. ನೀರು ಗಾಳಿಯನ್ನು ದಾಟಿ ಬೀಳಲಿ. ಹಾಗೆಯೇ ತುಂಬಿ ಹರಿದ ಕೊಳದ ನೀರು ಸಂಪಿಗಾಗಲಿ ಬಾವಿಗಾಗಲಿ ಇಳಿಯದಂತೆ ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸಬೇಕು.

ನಿಂತ ನೀರೆಂದಮೇಲೆ ಸೊಳ್ಳೆಯ ವಿಚಾರವನ್ನು ಬಿಡುವಂತಿಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕೆಲಸಮಾಡುತ್ತಿದ್ದ ವೈದ್ಯ ರೊನಾಲ್ಡ್ ರಾಸ್, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುತ್ತಿರುವುದನ್ನು ಕಂಡು, ಅದನ್ನು ಬರಿದುಮಾಡಿಸಿದಾಗ ಅವುಗಳ ಕಾಟ ತಗ್ಗಿದುದನ್ನು ಗಮನಿಸಿದನು. ಮಲೇರಿಯಾ ರೋಗಾಣುವನ್ನು ಸೊಳ್ಳೆಯ ದೇಹದಲ್ಲಿ ಅದೇ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದುದು 1897ರಲ್ಲಿ. ಮಲೇರಿಯಾ, ಡೆಂಗೀಗಳನ್ನು ಹರಡುವ ನಗರದ ಸೊಳ್ಳೆಗಳು ಕೊಳಚೆಗಿಂತ ತಿಳಿನೀರನ್ನೇ ಮೆಚ್ಚುವುವು. ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಒಂದು ವಾರ, ಹತ್ತು ದಿನ ಸಾಕು. ಇಲ್ಲಿಯೇ ನೀರಿನ ಆಯ್ಕೆಗೂ ರೋಗಕ್ಕೂ ಇರುವ ನಂಟು ತೋರುತ್ತದೆ. ನೀರು ಸರಿಯಾಗಿದ್ದರೆ ಮೀನು ಬದುಕುತ್ತದೆ, ಮೀನು ಬದುಕಿದ್ದರೆ ಸೊಳ್ಳೆಯ ಮರಿಗಳು ಅದಕ್ಕೆ ಆಹಾರವಾಗುತ್ತವೆ. ನೀರು ಕೆಟ್ಟು ಮೀನು ಸತ್ತ ಕೊಳ, ನೋಡಲು ಎಷ್ಟು ಚೆಲುವಾಗಿದ್ದರೂ, ಸೊಳ್ಳೆಯ ತೊಟ್ಟಿಲು. ಹೀಗೆಯೇ ಮಳೆನೀರಿನ ತೊಟ್ಟಿಯ ಬಾಯಿಗೂ ಸಣ್ಣ ಕಣ್ಣಿನ ಜಾಲರಿಯನ್ನು ಬಿಗಿಯಬೇಕು. ಸೊಳ್ಳೆಯ ನಿವಾರಣೆಗಾಗಿ ಗ್ಯಾಂಬೂಸಿಯಾ ಎಂಬ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು. ಆದರೆ ಅದು ನಮ್ಮ ಹಳ್ಳಕೆರೆಗಳ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. ತಲೆಯ ಮೇಲೆ ಬೆಳ್ಳಿಯ ಚುಕ್ಕೆಯುಳ್ಳ ನಮ್ಮ ನಾಡಿನ ಸಣ್ಣ ಮೀನುಗಳೇ ಈ ಕೆಲಸವನ್ನು ಮಾಡಬಲ್ಲುವು. ಯಾವ ಮೀನನ್ನು ಸಾಕಿದರೂ, ಕೊಳವನ್ನು ಬರಿದುಮಾಡುವಾಗ ಅದನ್ನು ಕೆರೆಗೆ ಬಿಡತಕ್ಕದ್ದಲ್ಲ.

ಕಡೆಯದು ಊರಿನ ಮಾತು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದುದು 1896ರಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯದು 1974ರಲ್ಲಿ. ಒಂದೊಂದು ಸಲವೂ ಊರು ಇನ್ನೂ ದೂರಕ್ಕೆ ಕೈಚಾಚಬೇಕಾಯಿತು. ಇಂದು ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರವನ್ನು ಯಂತ್ರಗಳ ಬಲದಿಂದ ಏರಿ ಬರುತ್ತದೆ. 2024ರ ಮಾರ್ಚ್ ತಿಂಗಳ ಬರದಲ್ಲಿ, ಕುಡಿಯುವ ನೀರನ್ನು ತೋಟಕ್ಕೂ ಕಾರಂಜಿಗೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ಜಲಮಂಡಲಿಯು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ವಿಧಿಸಬೇಕಾಯಿತು. ಒಂದು ಬೀದಿಯಲ್ಲಿ ಹೆಂಗಸರು ಖಾಲಿ ಕೊಡಗಳನ್ನು ಸಾಲಾಗಿಟ್ಟು ಟ್ಯಾಂಕರಿಗೆ ಕಾಯುತ್ತಿರುವಾಗ, ಮುಂದಿನ ಬೀದಿಯ ಕೊಳ ನಲ್ಲಿಯ ನೀರಿನಿಂದ ತುಂಬಿ ತುಳುಕುವುದು ನೋಡಲು ಚೆನ್ನಲ್ಲ. ಕಾನೂನು ಹೇಳುವವರೆಗೂ ಕಾಯದೆ, ಅದನ್ನು ನಾವೇ ಅರಿತು ನಡೆಯುವುದು ನಾಗರಿಕರಾದವರಿಗೆ ಯುಕ್ತ.

ಒಟ್ಟಿನಲ್ಲಿ ಹೇಳುವುದಾದರೆ: ಕೊಳವನ್ನು ತೋಡುವುದಕ್ಕೆ ಮೊದಲೇ ಮಾಡಿನ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ನೋಡಿರಿ, ಅದನ್ನು ಹಿಡಿದಿಡುವ ತೊಟ್ಟಿಗೆ ಮೊದಲು ಸ್ಥಳವನ್ನು ಗೊತ್ತುಮಾಡಿ, ಆ ತೊಟ್ಟಿ ಎಷ್ಟನ್ನು ಸಾಕಬಲ್ಲುದೋ ಅಷ್ಟೇ ದೊಡ್ಡ ಕೊಳವನ್ನು ಕಟ್ಟಿಸಿರಿ. ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಮೊದಲ ಭರ್ತಿಗೆ ಬಳಸಿರಿ. ನಲ್ಲಿಯ ನೀರು ಆಪತ್ಕಾಲಕ್ಕಿರಲಿ, ಅದೂ ಕ್ಲೋರಿನ್ ಕಳೆದ ಮೇಲೆ. ಒಮ್ಮೆಗೆ ಕೊಳದ ಐದರಲ್ಲೊಂದು ಪಾಲಿಗಿಂತ ಹೆಚ್ಚು ನೀರನ್ನು ಬದಲಾಯಿಸಬೇಡಿರಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲದೆ ಬಾಳೆಯ ಬುಡಕ್ಕೆ ಹಾಕಿರಿ, ಅದು ಒಳ್ಳೆಯ ಗೊಬ್ಬರ. ಯಾವ ಹೊಸ ನೀರನ್ನಾದರೂ ಮೊದಲು ಒಂದು ಬಕೆಟ್ಟಿನಲ್ಲಿ ಹಿಡಿದು, ಎರಡು ಮೂರು ದಿನ ಬಿಟ್ಟು, ಬಣ್ಣ, ವಾಸನೆ, ಗಸಿಗಳನ್ನು ನೋಡಿರಿ. ಮಳೆಯ ಲೆಕ್ಕಕ್ಕೆ ಸರಿಯಾಗಿ ಕಟ್ಟಿದ ಕೊಳ ಚಿಕ್ಕದಾಗಿಯೇ ಇರಬಹುದು. ಆದರೆ ಬೇಸಗೆಯ ಕೊನೆಯ ದಿನದಲ್ಲಿಯೂ ಅದರ ನೀರು ಸಿಹಿಯಾಗಿರುತ್ತದೆ, ಮತ್ತು ಅದಕ್ಕಾಗಿ ಯಾರ ಮನೆಯ ಕೊಡವೂ ಬರಿದಾಗಿರುವುದಿಲ್ಲ.